ನಾಹಿದಾಳ ನಂಬರಿನಲ್ಲಿ ನಾವೆಲ್ಲ ಕೂತಿದ್ದೆವು

ಸಾರ್ವಜನಿಕ ಕಂಪ್ಯೂಟರ್ ಕೇಂದ್ರಗಳ ಜಾಲ ನಿಯಂತ್ರಣಾಧಿಕಾರಿಗಳಿಗೆ,
ಜಿಲ್ಲಾ ಕೇಂದ್ರದಲ್ಲಿ ಯಾವ ಮಹಡಿಯಲ್ಲಿದ್ದೀರೋ ಅಲ್ಲಿಗೆ.

ಮಾನ್ಯರೇ,

ಈ ತಿಂಗಳ ಒಂಬತ್ತನೇ ತಾರೀಕು ಸೋಮವಾರ ಬೆಳಿಗ್ಗೆ, ಕೊಪ್ಪದ ನಮ್ಮ ಕಂಪ್ಯೂಟರ್ ಕೇಂದ್ರದಲ್ಲಿ, ನಾಹಿದಾ ಎಂಬ ಇಪ್ಪತ್ತೆರಡು ವರ್ಷದ ಹುಡುಗಿಗೆ ತಾವು ಇಂಟರ್ನೆಟ್ ನಿಲ್ಲಿಸಿದ್ದೀರಿ. ಕೇಂದ್ರಕ್ಕೆ ನಿಲ್ಲಿಸಿಲ್ಲ, ಕಂಪ್ಯೂಟರಿಗೆ ನಿಲ್ಲಿಸಿಲ್ಲ, ಅವಳೊಬ್ಬಳಿಗೆ ನಿಲ್ಲಿಸಿದ್ದೀರಿ. ಇದೇ ಇಪ್ಪತ್ತಮೂರನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಅವಳ ಪರೀಕ್ಷೆ. ಗ್ರಾಮ ವಾಚನಾಲಯಗಳಿಗೆ ಸಹಾಯಕಿಯರನ್ನು ತಯಾರು ಮಾಡಲು ತಮ್ಮ ಕಚೇರಿಯೇ ನಡೆಸುವ ನೂರಿಪ್ಪತ್ತು ಗಂಟೆಗಳ ತರಬೇತಿಯ ಕೊನೆಯ ಪರೀಕ್ಷೆ ಅದು. ಮೊಬೈಲಿನಲ್ಲಿ ತೆರೆಯುವುದಿಲ್ಲ, ಸೈಬರ್ ಅಂಗಡಿಯಲ್ಲಿ ತೆರೆಯುವುದಿಲ್ಲ. ತಮ್ಮ ಕೇಂದ್ರದ ಕಂಪ್ಯೂಟರಿನಲ್ಲಿ, ತಾವು ಒಬ್ಬೊಬ್ಬರಿಗೆ ಕೊಟ್ಟಿರುವ ಅವರವರ ಬಳಕೆದಾರ ನಂಬರಿನಲ್ಲಿ ಮಾತ್ರ ತೆರೆಯುತ್ತದೆ. ಹಾಗೆ ನಿಯಮ ಮಾಡಿದವರೂ ತಾವೇ, ಆ ನಂಬರಿಗೆ ಬೀಗ ಹಾಕಿದವರೂ ತಾವೇ. ಇದು ಕಾಕತಾಳೀಯ ಎಂದು ನಂಬುವಷ್ಟು ಒಳ್ಳೆಯವನು ನಾನಲ್ಲ.

ನಾನು ಯಾರು ಎಂದು ತಮಗೆ ಅನುಮಾನ ಬರುವ ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಮೂವತ್ತೊಂದು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಆರು ಮೆಷಿನ್ನುಗಳಲ್ಲಿ ನಲವತ್ತು ಮಕ್ಕಳನ್ನು ಕೂರಿಸಿ ಕಲಿಸಿದ್ದೇನೆ, ಹಾಗಾಗಿ ಒಂದೇ ಯಂತ್ರವನ್ನು ಹತ್ತು ಜನ ಹಂಚಿಕೊಂಡರೆ ಏನಾಗುತ್ತದೆ ಎಂಬುದನ್ನು ತಮ್ಮಿಂದ ಕಲಿಯಬೇಕಾಗಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಅರ್ಜಿ ಬರೆಯುವ ಕೆಲಸ ಹಿಡಿದಿದ್ದೇನೆ. ಬಸ್ಸು ತಪ್ಪಿದ್ದಕ್ಕೆ, ಬೀದಿ ದೀಪ ಉರಿಯದ್ದಕ್ಕೆ, ಉರಿದ ದೀಪ ಹಗಲಲ್ಲೂ ಆರದ್ದಕ್ಕೆ ಬರೆದಿದ್ದೇನೆ. ಊರಿನವರು ನನ್ನನ್ನು ಕಂಡರೆ, ಮೇಷ್ಟ್ರು ಇವತ್ತು ಯಾರಿಗೆ ಗುಂಡಿ ತೋಡ್ತಿದಾರೆ ಎಂದು ಕೇಳುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೇನೆ.

ಒಂಬತ್ತನೇ ತಾರೀಕು ನಾನು ಅಲ್ಲೇ ಇದ್ದೆ. ನಾಹಿದಾ ಎಂದಿನಂತೆ ತನ್ನ ನಂಬರು ಹಾಕಿ ಕಂಪ್ಯೂಟರ್ ತೆರೆದಳು. ಯಂತ್ರ ತೆರೆಯಿತು, ಇಂಟರ್ನೆಟ್ ಬರಲಿಲ್ಲ. "ತಮಗೆ ಜಾಲ ಸಂಪರ್ಕ ಲಭ್ಯವಿಲ್ಲ, ನಿರ್ವಾಹಕರನ್ನು ಸಂಪರ್ಕಿಸಿ" ಎಂಬ ಎರಡು ಸಾಲು ಬಂತು. ಕೇಂದ್ರ ನೋಡಿಕೊಳ್ಳುವ ಸಂತೋಷ ಅದೇ ಕುರ್ಚಿಯಲ್ಲಿ ಕೂತು ತನ್ನ ನಂಬರು ಹಾಕಿದ. ಎಲ್ಲವೂ ಓಡಿತು. ಅವನು ಎದ್ದು ಅವಳು ಕೂತಳು, ನಿಂತಿತು. ಮೂರು ಸಲ ಹೀಗೆ ಕೂತು ಎದ್ದು ಮಾಡಿದರು.

"ಮೇಷ್ಟ್ರೇ, ನಂಗೆ ಎಂತದೂ ಗೊತ್ತಿಲ್ಲ," ಎಂದ ಸಂತೋಷ. "ಅಲ್ಲಿಂದ್ಲೇ ಮಾಡಿದಾರೆ. ನನ್ನ ಸ್ಕ್ರೀನಲ್ಲಿ ಇವ್ಳ ಹೆಸ್ರಿನ ಮುಂದೆ ಕೆಂಪು ಬಂದಿದೆ, ಅಷ್ಟೇ ಕಾಣ್ತಿರೋದು."

ಅಲ್ಲಿಂದ ಎಂದರೆ ಎಲ್ಲಿಂದ? ಆ ದಿನವೇ ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಬಹಳ ಮರ್ಯಾದೆಯಿಂದ, ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಿ ಎಂದರು. ನಾನು ಸಲ್ಲಿಸಲು ಹೋದರೆ, ತೊಂದರೆಗೊಳಗಾದ ಬಳಕೆದಾರರೇ ತಮ್ಮ ನಂಬರಿನಿಂದ ಸಲ್ಲಿಸತಕ್ಕದ್ದು ಎಂದು ಬಂತು. ಅವಳ ನಂಬರಿನಿಂದ ಸಲ್ಲಿಸಲು ಇಂಟರ್ನೆಟ್ ಬೇಕು. ಇಂಟರ್ನೆಟ್ ಇದ್ದಿದ್ದರೆ ದೂರು ಯಾಕೆ ಬೇಕಿತ್ತು ಸ್ವಾಮಿ? ಬಾಯಿ ಕಟ್ಟಿ, ಏನು ಹೇಳುವುದಿದೆ ಹೇಳು ಎನ್ನುವ ಈ ಏರ್ಪಾಡನ್ನು ಮಾಡಿದ ಮಹನೀಯರಿಗೆ ನನ್ನ ನಮಸ್ಕಾರ ತಿಳಿಸಿ.

ನಾಹಿದಾಳ ತಂದೆ ಗುಲಾಮ್ ಹುಸೇನ್ ಕಮ್ಮರಡಿಯಲ್ಲಿ ಕೊಡೆ ರಿಪೇರಿ ಮತ್ತು ಚಪ್ಪಲಿ ಅಂಗಡಿ ಇಟ್ಟಿದ್ದಾರೆ. ಬುಧವಾರ ಅಂಗಡಿ ಬಾಗಿಲು ಹಾಕಿ ಮಗಳನ್ನು ಶೃಂಗೇರಿಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲೂ ಅದೇ ಎರಡು ಸಾಲು. ಗುರುವಾರ ನರಸಿಂಹರಾಜಪುರಕ್ಕೆ ಹೋದರು. ಅಲ್ಲಿನ ಕೇಂದ್ರದಲ್ಲಿ ಕಂಪ್ಯೂಟರು ಹೊಸದು, ಫ್ಯಾನೂ ತಿರುಗುತ್ತದಂತೆ, ಆದರೆ ಅವಳ ನಂಬರಿಗೆ ಮಾತ್ರ ಅದೇ ಉತ್ತರ. ಮೂರು ತಾಲ್ಲೂಕಿನಲ್ಲಿ ರಸ್ತೆಯ ಗುಂಡಿ ಮುಚ್ಚಲು ಆಗದ ಆಡಳಿತ, ಒಬ್ಬ ಹುಡುಗಿ ಯಾವ ಊರಿನಲ್ಲಿ ಯಾವ ಕುರ್ಚಿಯಲ್ಲಿ ಕೂತರೂ ಗುರುತು ಹಿಡಿದು ತಡೆಯುವಷ್ಟು ಚುರುಕಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಮಾನ್ಯರೇ, ಈಗ ನನ್ನ ಅನುಮಾನಗಳನ್ನು ಹೇಳುತ್ತೇನೆ. ಮೊದಲನೆಯದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳಬೇಕು. ನಮ್ಮ ಕೇಂದ್ರದಲ್ಲಿ ನೂರ ಎಂಬತ್ತು ಜನ ನಂಬರು ಪಡೆದಿದ್ದಾರೆ. ಅದರಲ್ಲಿ ಒಂದಕ್ಕೆ ಮಾತ್ರ ಕೆಂಪು ಬಂತು. ತಾವು ಆರಿಸಿದ್ದು ನಂಬರನ್ನೋ, ಹೆಸರನ್ನೋ? ಇದನ್ನು ಗುಲಾಮ್ ಹುಸೇನರ ಮುಂದೆ ನಾನು ಎತ್ತಿದಾಗ ಅವರು ಕೈಯಲ್ಲಿದ್ದ ಕೊಡೆಯ ಕಡ್ಡಿಯನ್ನು ನೆಟ್ಟಗೆ ಮಾಡುತ್ತ, "ಬೇಡ ಸಾರ್, ಅದೊಂದು ಕೇಳ್ಬೇಡಿ. ಕೇಳಿದ್ರೆ ಅದೇ ದೊಡ್ದಾಗತ್ತೆ. ಪರೀಕ್ಷೆ ಆದ್ರೆ ಸಾಕು ನಮಗೆ," ಎಂದರು. ಅವರು ಬೇಡ ಎಂದದ್ದನ್ನು ನಾನು ಇಲ್ಲಿ ಕೇಳುತ್ತಿದ್ದೇನೆ. ಸಿಟ್ಟು ಮಾಡಿಕೊಂಡರೆ ನನ್ನ ಮೇಲೆ ಮಾಡಿಕೊಳ್ಳಲಿ, ತಾವು ಕೂಡ.

ಎರಡನೆಯ ಅನುಮಾನ ನನ್ನ ಅರ್ಜಿಗಳ ಮೇಲೆ. ನಮ್ಮ ಕೇಂದ್ರಕ್ಕೆ ತಾವು ಕೊಟ್ಟ ನಾಲ್ಕು ಕಂಪ್ಯೂಟರುಗಳಲ್ಲಿ ಸರಿಯಾಗಿ ನಡೆಯುವುದು ಒಂದೇ. ಯುಪಿಎಸ್ ಬ್ಯಾಟರಿ ಸತ್ತು ಹದಿನಾಲ್ಕು ತಿಂಗಳಾಯಿತು, ಕರೆಂಟು ಹೋದರೆ ಬರೆದದ್ದೆಲ್ಲ ಹೋಯಿತು. ಅದರ ಬಗ್ಗೆ ತಮ್ಮ ಕಚೇರಿಯ ಮೇಲೆಯೇ ನಾನು ದೂರು ಕಳಿಸಿದ್ದು ಆರನೇ ತಾರೀಕು ಶುಕ್ರವಾರ. ನಡುವೆ ಶನಿವಾರ, ಭಾನುವಾರ. ಸೋಮವಾರ ಬೆಳಿಗ್ಗೆ ಕೆಂಪು. ದೂರು ಹೋದದ್ದು ನನ್ನ ಹೆಸರಿನಲ್ಲಿ, ಆದರೆ ನಾಹಿದಾ ತೆರೆದಿಟ್ಟ ನಂಬರಿನಿಂದ. ಬ್ಯಾಟರಿ ಬದಲಿಸುವುದಕ್ಕಿಂತ ಬೆರಳು ಕಡಿಯುವುದು ಸುಲಭ ಎಂದು ಯಾರಿಗಾದರೂ ಅನ್ನಿಸಿತೇ? ಕಡಿಯುವಾಗ ಕೈ ಯಾರದೆಂದು ನೋಡಲು ಪುರುಸೊತ್ತಾಗಲಿಲ್ಲವೇ?

ಅವಳ ನಂಬರಿನಲ್ಲಿ ನಾನು ಯಾಕೆ ಕೂತಿದ್ದೆ ಎಂದು ತಾವು ಕೇಳಬೇಕು. ಕೇಳಿ. ಇದು ನಮ್ಮ ಕೇಂದ್ರದ ಪದ್ಧತಿ. ನಂಬರು ಹಾಕಿದೊಡನೆ ಮೊಬೈಲಿಗೆ ಆರು ಅಂಕಿಯ ಒಟಿಪಿ ಬರುವಂತೆ ತಾವು ಮಾಡಿದ್ದೀರಿ. ಕೇಂದ್ರದ ಕಟ್ಟಡದೊಳಗೆ ಸಿಗ್ನಲ್ ಇಲ್ಲ. ಹೊರಗೆ ಬಂದು, ರಸ್ತೆ ದಾಟಿ, ಬೇಕರಿಯ ಮೆಟ್ಟಿಲ ಮೇಲೆ ನಿಂತರೆ ಬರುತ್ತದೆ. ಅದನ್ನು ನೋಡಿಕೊಂಡು ಎರಡು ನಿಮಿಷದೊಳಗೆ ಓಡಿ ಬಂದು ಒತ್ತಬೇಕು, ಇಲ್ಲವಾದರೆ ಮತ್ತೆ ಮೊದಲಿನಿಂದ. ನನ್ನ ಮಂಡಿಗೆ ಆ ಓಟ ಆಗುವುದಿಲ್ಲ. ವೃದ್ಧಾಪ್ಯ ವೇತನ ವಿಚಾರಿಸಲು ಬರುವ ಯಮುನಮ್ಮನವರಿಗೆ ರಸ್ತೆ ದಾಟುವುದೇ ಒಂದು ಕೆಲಸ. ಓಡಬಲ್ಲವಳು ನಾಹಿದಾ. ಕಮ್ಮರಡಿಯ ಬೆಳಗಿನ ಬಸ್ಸಿಗೆ ಬಂದು, ಬಾಗಿಲು ತೆರೆಯುವಾಗಲೇ ನಿಂತಿರುತ್ತಿದ್ದಳು. ತನ್ನ ಪಾಠ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಅಂಗಡಿಗೆ ವಾಪಸು ಹೋಗುವಾಗ, ತೆರೆದ ನಂಬರನ್ನು ಮುಚ್ಚದೆ ಹೋಗುತ್ತಿದ್ದಳು. ಮುಚ್ಚಿ ಏಳುವುದು ನಮ್ಮಲ್ಲಿ ದುರಹಂಕಾರ. ತಾನು ಉಂಡ ಮೇಲೆ ಒಲೆಗೆ ನೀರು ಹೊಯ್ದು ಹೋದ ಹಾಗೆ. ಆಮೇಲೆ ಸಂಜೆಯವರೆಗೆ ಬಂದವರೆಲ್ಲ ಅದರಲ್ಲೇ ಕೂರುತ್ತಿದ್ದೆವು.

ಬಳಕೆಯ ನಂತರ ಲಾಗ್‌ಔಟ್ ಮಾಡತಕ್ಕದ್ದು ಎಂದು ಗೋಡೆಯ ಮೇಲೆ ತಾವು ಅಂಟಿಸಿದ್ದೀರಿ, ಒಪ್ಪುತ್ತೇನೆ. ಸಂತೋಷ ನಮಗೆ ಎರಡು ಸಲ ಹೇಳಿದ್ದ. ಇರ್ಲಿ ಬಿಡೋ ಮಾರಾಯ, ಎಲ್ರೂ ನಮ್ಮೋರೇ ಅಲ್ವಾ ಎಂದು ಅವನ ಬಾಯಿ ಮುಚ್ಚಿಸಿದವನು ನಾನೇ. ಆದ್ದರಿಂದ ಈ ಪತ್ರ ಓದಿ ಅವನ ಗುತ್ತಿಗೆಗೆ ಕೈ ಹಾಕಬೇಡಿ.

ಶುಕ್ರವಾರ ತಮ್ಮ ನೋಟಿಸು ಬಂತು. ನಾಹಿದಾಳ ಕೈಗಲ್ಲ, ಮೊಬೈಲಿಗಲ್ಲ. ರಿಜಿಸ್ಟರ್ ಅಂಚೆಯಲ್ಲಿ ಅವಳಪ್ಪನ ಅಂಗಡಿಗೆ. ಅಲ್ಲಿ ಚಪ್ಪಲಿ ಹೊಲಿಸಲು ಕೂತಿದ್ದ ಇಬ್ಬರು ಗಿರಾಕಿಗಳ ಮುಂದೆ ಗುಲಾಮ್ ಹುಸೇನ್ ಅದನ್ನು ಒಡೆದರು. "ಅಸಹಜ ಬಳಕೆ" ಎಂದು ತಲೆಬರಹ. ಕೆಳಗೆ ಒಂದು ತಿಂಗಳ ಪಟ್ಟಿ. ತಮ್ಮ ಪಟ್ಟಿಯ ಪ್ರಕಾರ ಈ ಇಪ್ಪತ್ತೆರಡರ ಹುಡುಗಿ ದಿನವೂ ಅಡಿಕೆ ಧಾರಣೆ ನೋಡಿದ್ದಾಳೆ, ಕೊಳೆರೋಗಕ್ಕೆ ಮದ್ದು ಹುಡುಕಿದ್ದಾಳೆ, ವೃದ್ಧಾಪ್ಯ ವೇತನ ಯಾಕೆ ಬರಲಿಲ್ಲ ಎಂದು ಹನ್ನೊಂದು ಸಲ ವಿಚಾರಿಸಿದ್ದಾಳೆ, ಹಳೇ ಜೀಪು ಕೊಳ್ಳಲು ಹೊರಟಿದ್ದಾಳೆ, ಮೀಸೆಗೆ ಹಚ್ಚುವ ಬಣ್ಣದಿಂದ ತುರಿಕೆ ಬಂದರೆ ಏನು ಮಾಡಬೇಕೆಂದು ಓದಿದ್ದಾಳೆ, ಹದಿನಾಲ್ಕು ಇಲಾಖೆಗಳ ಮೇಲೆ ದೂರು ಬರೆದಿದ್ದಾಳೆ. ಮತ್ತು ನಾಲ್ಕು ದಿನಗಳಲ್ಲಿ ಒಟ್ಟು ಒಂಬತ್ತು ಗಂಟೆ ಒಂದು ವಧೂವರರ ಜಾಲತಾಣದಲ್ಲಿ ಕಳೆದಿದ್ದಾಳೆ.

ಮೀಸೆಯ ಬಣ್ಣ ಕಂಡಾಗಲೂ ತಮಗೆ ಏನೂ ಹೊಳೆಯಲಿಲ್ಲವೇ? ಈ ಪಟ್ಟಿಯನ್ನು ಮನುಷ್ಯರು ಓದಿದರೋ, ಯಂತ್ರವೇ ಓದಿ ಯಂತ್ರವೇ ಕೆಂಪು ಹಚ್ಚಿತೋ? ಯಂತ್ರ ಮಾಡಿದ್ದಾದರೆ ಕೆಳಗೆ ತಾವು ಸಹಿ ಹಾಕಿದ್ದು ಯಾತಕ್ಕೆ? ಮನುಷ್ಯರು ಓದಿದ್ದಾದರೆ, ಎಷ್ಟು ಜನ ಓದಿದಿರಿ, ಚಹಾ ಕುಡಿಯುತ್ತ ಓದಿದಿರಾ, ಓದಿ ನಕ್ಕಿರಾ? ನಾವು ಏನು ನೋಡುತ್ತೇವೆಂದು ತಾವು ಬರೆದಿಡುತ್ತೀರಿ ಎಂಬುದನ್ನು ಗೋಡೆಯ ಮೇಲೆ ಅಂಟಿಸಲು ಕಾಗದ ಸಾಲಲಿಲ್ಲವೇ? ಕೆಟ್ಟದ್ದನ್ನು ತಡೆಯಬೇಕು, ಒಪ್ಪಿದೆ. ಹತ್ತು ಜನ ಕೂರುವ ಯಂತ್ರದಲ್ಲಿ ಒಬ್ಬ ಕೆಡಿಸಿದರೆ ಅವನೊಬ್ಬನನ್ನೇ ತಡೆಯುವುದು, ಉಳಿದವರಿಗೆ ತೊಂದರೆಯಾಗದಿರುವುದು, ನ್ಯಾಯವೇ. ಇನ್‌ಸ್ಟಿಟ್ಯೂಟಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಮೊದಲು ಮೆಷಿನ್ ಹತ್ತಿರ ಹೋಗಿ, ಕೂತವರು ಯಾರು ಎಂದು ಕಣ್ಣಾರೆ ನೋಡುತ್ತಿದ್ದೆ. ತಾವು ಐದು ನಿಮಿಷ ಸಂತೋಷನಿಗೆ ಫೋನು ಮಾಡಿದ್ದರೆ ಸಾಕಿತ್ತು.

ನೋಟಿಸಿನ ಕೊನೆಯಲ್ಲಿ ಒಂದು ದಾರಿ ಕೊಟ್ಟಿದ್ದೀರಿ. ಪಟ್ಟಿಯಲ್ಲಿರುವ ಪ್ರತಿಯೊಂದು ಬಳಕೆಗೂ ಇಪ್ಪತ್ತನೇ ತಾರೀಕು ಸಂಜೆ ಐದರೊಳಗೆ ಲಿಖಿತ ವಿವರಣೆ ಬಂದರೆ ನಂಬರನ್ನು ತೆರೆಯುವುದನ್ನು ಪರಿಶೀಲಿಸಲಾಗುವುದು. ಒಂದು ಬಿಟ್ಟರೂ ಪರಿಶೀಲಿಸಲಾಗುವುದಿಲ್ಲ. ಸರಿ, ಶನಿವಾರ ಎಲ್ಲರೂ ಕೇಂದ್ರದಲ್ಲಿ ಸೇರಿದೆವು. ಪಟ್ಟಿಯ ಪ್ರತಿ ಸಾಲಿನ ಮುಂದೆ, ಅದು ಯಾರದೋ ಅವರು ಸಹಿ ಹಾಕುವುದು ಎಂದು ಮಾಡಿಕೊಂಡೆವು. ಪರಿಶೀಲಿಸುತ್ತೀರೋ ಇಲ್ಲವೋ ಎಂಬ ಅನುಮಾನ ನನಗೆ ಆಗಲೂ ಇತ್ತು, ಈಗಲೂ ಇದೆ.

ಭಂಡಿಗಡಿಯ ವಾಸಪ್ಪ ಅಡಿಕೆ ಧಾರಣೆ ಮತ್ತು ಕೊಳೆರೋಗಕ್ಕೆ ಸಹಿ ಹಾಕಿದರು. ಮೀಸೆಯ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ನಿಂತು, "ಇದೂ ನಂದೇ ಮಾರಾಯ್ರೆ, ಎಂತ ಮಾಡೂದು, ಬರ್ಕಳಿ," ಎಂದರು. ಯಾರೂ ನಗಲಿಲ್ಲ. ಯಮುನಮ್ಮ ವೃದ್ಧಾಪ್ಯ ವೇತನಕ್ಕೆ ಹೆಬ್ಬೆಟ್ಟು ಒತ್ತಿದರು. ಜೀಪಿನವರೂ ಸಿಕ್ಕಿದರು. ಹದಿನಾಲ್ಕು ದೂರುಗಳಿಗೆ ನಾನು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದೆ. ಕೊನೆಗೆ ಉಳಿದದ್ದು ವಧೂವರರ ಸಾಲು. ಅದಕ್ಕೆ ಯಾರೂ ಕೈ ಎತ್ತಲಿಲ್ಲ.

ಭಾನುವಾರ ಬಿಟ್ಟು ಸೋಮವಾರ, ಮಂಗಳವಾರ ಕಾದೆವು. ಸಂತೋಷ ಬಂದವರನ್ನೆಲ್ಲ ಕೇಳಿದ. ಮದುವೆ ವಯಸ್ಸಿನವರ ಮುಖ ಮುಖ ನೋಡಿದ. ಅಷ್ಟರಲ್ಲಿ ಕೇಂದ್ರದ ಗಾಳಿಯೇ ಬದಲಾಗಿತ್ತು. ಈಗ ಎಲ್ಲರೂ ಸ್ಕ್ರೀನನ್ನು ಗೋಡೆಗೆ ತಿರುಗಿಸಿ ಕೂರುತ್ತಾರೆ, ಎದ್ದು ಹೋಗುವಾಗ ಮುಚ್ಚಿ ಹೋಗುತ್ತಾರೆ, ಯಾರು ಎಷ್ಟು ಹೊತ್ತು ಕೂತರು ಎಂದು ಒಬ್ಬರನ್ನೊಬ್ಬರು ಲೆಕ್ಕ ಹಾಕುತ್ತಾರೆ. ತಮಗೆ ಸಂತೋಷವಾಗಬಹುದು. ಯಮುನಮ್ಮ ಬರುವುದನ್ನೇ ಬಿಟ್ಟಿದ್ದಾರೆ.

ನಿನ್ನೆ ಮಧ್ಯಾಹ್ನ ನಾಹಿದಾ ನನ್ನ ಹತ್ತಿರ ಬಂದಳು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದಳು.

"ಸಾರ್, ಆ ಸಾಲು ನಂದೇ ಅಂತ ಬರ್ದ್ ಬಿಡ್ತೀನಿ."

"ನಿಂದಲ್ವಲ್ಲ," ಎಂದೆ.

"ಅಲ್ಲ ಸಾರ್. ಆದ್ರೆ ಇನ್ನು ಮೂರೇ ದಿನ ಇರೋದು. ಅಬ್ಬಾಗೆ ಗೊತ್ತು ನಾನಲ್ಲ ಅಂತ. ಕಮ್ಮರಡೀಲಿ ಬೇರೆಯವ್ರು ಏನಾದ್ರೂ ಅಂದ್ಕೊಳ್ಲಿ. ಪರೀಕ್ಷೆಯ ಎರಡು ಗಂಟೆ ಬಿಟ್ರೆ ನೂರ ಹದಿನೆಂಟು ಗಂಟೆ ಮುಗಿಸಿದೀನಿ ಸಾರ್. ಮುಂದಿನ್ ವರ್ಷ ಮೊದ್ಲಿಂದ ಮಾಡು ಅಂದ್ರೆ ನಂಗೆ ಆಗಲ್ಲ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಸುಳ್ಳೊಂದನ್ನು ತನ್ನ ಮೇಲೆ ತಾನೇ ಬರೆದುಕೊಳ್ಳಲು, ಬಸ್ಸಿಗೆ ಹೊತ್ತಾಗುತ್ತದೆ ಎಂಬಂತೆ, ನಿಂತೇ ಪೆನ್ನಿನ ಮುಚ್ಚಳ ತೆಗೆದಳು. ನಾಳೆ ಬರೆಯುವಿಯಂತೆ, ಇವತ್ತು ಬೇಡ ಎಂದು ಪಟ್ಟಿಯನ್ನು ನಾನು ಕಸಿದುಕೊಂಡು ಜೇಬಿಗೆ ಹಾಕಿದೆ.

ಮಾನ್ಯರೇ, ಆ ಒಂಬತ್ತು ಗಂಟೆ ನನ್ನದು.

ನನ್ನ ಹೆಂಡತಿ ತೀರಿಕೊಂಡು ಏಳು ವರ್ಷವಾಯಿತು. ಮಕ್ಕಳಿಲ್ಲ. ತಮ್ಮನ ಮನೆಯಲ್ಲಿದ್ದೇನೆ, ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಯಾರ ಮೇಲೂ ದೂರಿಲ್ಲ. ಹದಿನಾಲ್ಕು ಇಲಾಖೆಗೆ ಬರೆಯುವ ಮನುಷ್ಯನಿಗೆ ಮನೆಗೆ ಬಂದು ಒಂದು ಮಾತು ಹೇಳಲು ಯಾರೂ ಇರುವುದಿಲ್ಲ, ಅಷ್ಟೇ. ನನ್ನ ಮೊಬೈಲು ಸದಾ ತಮ್ಮನ ಮಕ್ಕಳ ಕೈಯಲ್ಲಿರುತ್ತದೆ. ಹಾಗಾಗಿ ಸಂತೋಷ ಊಟಕ್ಕೆ ಹೋದಾಗಿನಿಂದ ಸಂಜೆಯ ಜನ ಬರುವವರೆಗೆ, ನಾಹಿದಾ ತೆರೆದಿಟ್ಟು ಹೋದ ನಂಬರಿನಲ್ಲಿ, ಎರಡನೇ ಮದುವೆ, ಐವತ್ತೈದು ಮೇಲ್ಪಟ್ಟವರು ಎಂಬಲ್ಲಿ ಒತ್ತಿ, ನಾಲ್ಕು ದಿನ ನೋಡಿದೆ. ಯಾರಿಗೂ ಬರೆಯಲಿಲ್ಲ. ನೋಡಿದೆ, ಓದಿದೆ, ಮುಚ್ಚಿದೆ. ಶನಿವಾರ ವಾಸಪ್ಪ ತನ್ನ ಮೀಸೆಗೆ ಸಹಿ ಹಾಕಿದಾಗ ನಾನೂ ಹಾಕಬಹುದಿತ್ತು. ಎಲ್ಲರ ಎದುರು ಬಾಯಿ ಬರಲಿಲ್ಲ. ನಾಲ್ಕು ದಿನ ತಮ್ಮನ್ನು ಬೈಯುತ್ತ, ಆ ಹುಡುಗಿ ನನ್ನ ಎದುರಿನಲ್ಲೇ ಒದ್ದಾಡುವುದನ್ನು ನೋಡುತ್ತ ಕೂತಿದ್ದೆ. ತಾವು ಅವಳಿಗೆ ಮಾಡಿದ್ದಕ್ಕಿಂತ ಅದು ಕಡಿಮೆಯದಲ್ಲ. ನನಗೆ ನಾಚಿಕೆಯಾಗಿದೆ.

ಇದನ್ನು ಗುಟ್ಟಾಗಿ ತಮಗೆ ಬರೆದರೆ ಸಾಕಿತ್ತಲ್ಲ ಎನ್ನಬಹುದು. ಸಾಕಾಗುವುದಿಲ್ಲ. ತಮ್ಮ ನೋಟಿಸು ಗಿರಾಕಿಗಳ ಮುಂದೆ ಒಡೆಯಿತು. ನನ್ನ ಉತ್ತರವೂ ಎಲ್ಲರ ಮುಂದೆಯೇ ಒಡೆಯಬೇಕು, ಅದಕ್ಕೇ ಈ ಪತ್ರದ ಒಂದು ಪ್ರತಿ ದಿನಪತ್ರಿಕೆಗೂ ಹೋಗುತ್ತಿದೆ. ಇದು ಅಚ್ಚಾದ ದಿನ ತಮ್ಮನ ಹೆಂಡತಿ ಓದುತ್ತಾಳೆ, ಅವಳ ಮಗಳು ಭವ್ಯ ಓದುತ್ತಾಳೆ, ನನ್ನ ಹಳೆಯ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಕಳಿಸಿಕೊಳ್ಳಲಿ. ಜೊತೆಗೆ ಕಮ್ಮರಡಿಯವರೂ ಓದಲಿ.

ನನ್ನದೇ ಒಂದು ನಂಬರು ತಮ್ಮಲ್ಲಿದೆ. ಸಂತೋಷ ತೆರೆದು ತೋರಿಸಿದ. ಎರಡು ವರ್ಷದಲ್ಲಿ ಬಳಕೆ ಸೊನ್ನೆ, ನಡತೆ ತೃಪ್ತಿಕರ ಎಂದಿದೆ. ತಾವು ಎಷ್ಟು ಸರಿಯಾಗಿ ಜನರನ್ನು ಗುರುತಿಸುತ್ತೀರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕೊಡಲಾರೆ.

ಸಹಿಯಾದ ಪಟ್ಟಿ, ಒಂದೂ ಸಾಲು ಖಾಲಿಯಿಲ್ಲದೆ, ಇವತ್ತೇ ತಮಗೆ ಬರುತ್ತಿದೆ. ಇನ್ನು ಪರಿಶೀಲಿಸುವುದು ಏನೂ ಉಳಿದಿಲ್ಲ. ಇಪ್ಪತ್ತಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ನಾಹಿದಾ ಕೂತಾಗ ಅವಳ ನಂಬರು ನಡೆಯಬೇಕು. ಆ ಬಳಕೆ ಅವಳದಲ್ಲ ಎಂದು ಇನ್ನೊಂದು ಪತ್ರ ಬರೆದು, ಅದೇ ರಿಜಿಸ್ಟರ್ ಅಂಚೆಯಲ್ಲಿ, ಅದೇ ಅಂಗಡಿಗೆ ಕಳಿಸಬೇಕು, ಸಾಧ್ಯವಾದರೆ ಗಿರಾಕಿಗಳು ಇರುವ ಹೊತ್ತಿಗೆ ತಲುಪುವಂತೆ. ಯಾರಿಗಾದರೂ ಬೀಗ ಹಾಕಲೇಬೇಕೆಂದಿದ್ದರೆ ನನ್ನ ನಂಬರಿಗೆ ಹಾಕಿ, ನಾನು ತಕರಾರು ಮಾಡುವುದಿಲ್ಲ. ಪರೀಕ್ಷೆಯ ದಿನ ಬೇಕರಿಯ ಮೆಟ್ಟಿಲ ಮೇಲೆ ಅವಳ ಮೊಬೈಲು ಹಿಡಿದು ನಾನು ನಿಂತಿರುತ್ತೇನೆ. ಒಟಿಪಿ ಬಂದರೆ ಕೂಗಿ ಹೇಳುತ್ತೇನೆ, ಬಾರದಿದ್ದರೆ ಅಲ್ಲಿಂದಲೇ ತಮ್ಮ ಕಚೇರಿಯ ಬಸ್ಸು ಹತ್ತುತ್ತೇನೆ.

ಇಂತಿ,
ಒಂಬತ್ತು ಗಂಟೆಗಳ ಅಸಹಜ ಬಳಕೆದಾರ,
ಸುಬ್ಬರಾಯ
ವಯಸ್ಸು ಅರವತ್ತೆಂಟು, ವಿಧುರ, ಕೊಪ್ಪ